ತಾಯಿಯ ನಿದ್ದೆ, ಮಗುವಿನ ನೆಮ್ಮದಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ಕಂಪ್ಯೂಟರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು ಅಂತ ಒಂದು ಅರ್ಧ ಗಂಟೆ ಮಾತಾಡಪ್ಪ" ಅಂದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಮಾಲೆಯಲ್ಲೇ ಇದ್ದಾರೆ. ಹಾಗಾಗಿ ನಾನು ಬೇರೆ ವಿಷಯ ಕೇಳಿ ಪಡೆದುಕೊಂಡೆ. ನಾನು ಇವತ್ತು ಮಾತಾಡುವುದು ಬಸುರಿ ಹೆಣ್ಣುಮಕ್ಕಳ ನಿದ್ದೆಯ ಬಗ್ಗೆ. ಆ ನಿದ್ದೆ ಕೆಟ್ಟರೆ ಹುಟ್ಟುವ ಮಗುವಿನ ಮೈಯಲ್ಲಿ ಏನಾಗಬಹುದು ಎನ್ನುವುದರ ಬಗ್ಗೆ.

ಸಾಫ್ಟ್‌ವೇರ್‌ನವನಿಗೆ ಇದರ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ನನ್ನ ಹೆಂಡತಿಯೂ ನನ್ನ ಹಾಗೆಯೇ ಕಂಪ್ಯೂಟರ್ ಕೆಲಸದವಳು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ತೂಕ ನೋಡಿದರು, ಬಿಪಿ ನೋಡಿದರು, ಆಮೇಲೆ ಪೆನ್ನು ಕೆಳಗಿಟ್ಟು, "ರಾತ್ರಿ ಎಷ್ಟು ಗಂಟೆ ಮಲಗ್ತೀಯಮ್ಮ?" ಎಂದು ಕೇಳಿದರು. ಊಟದ ಬಗ್ಗೆ ನೆಂಟರಿಷ್ಟರೆಲ್ಲ ಕೇಳಿದ್ದರು. ನಿದ್ದೆಯ ಬಗ್ಗೆ ಕೇಳಿದ್ದು ಅವರೊಬ್ಬರೇ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ತಿಳಿಯಲು ಓದುತ್ತಾ ಹೋದೆ. ನಾನು ವೈದ್ಯನಲ್ಲ, ಬಿ.ಇ. ಓದಿದವನು. ಓದಿ ಅರ್ಥ ಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಔಷಧಿ, ಚಿಕಿತ್ಸೆಯ ಮಾತು ಬಂದಾಗ ನೀವು ಕೇಳಬೇಕಾದದ್ದು ವೈದ್ಯರನ್ನೇ.

ಮೊದಲು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಗಣಿತದ ಮೇಷ್ಟ್ರು ಇದ್ದಕ್ಕಿದ್ದಂತೆ ಹೆಸರು ಕೂಗಿ, "ಬಾರೋ ಇಲ್ಲಿ, ಬೋರ್ಡ್ ಮೇಲೆ ಈ ಲೆಕ್ಕ ಮಾಡು" ಎಂದಾಗ ಮೈಯಲ್ಲಿ ಏನಾಗುತ್ತದೆ? ಎದೆ ಡವಡವ ಅನ್ನುತ್ತದೆ. ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ನಿಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅಡ್ರಿನಲ್ ಗ್ರಂಥಿಯ ಬಗ್ಗೆ ಓದಿದ್ದೀರಿ. ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಕೂತಿರುವ ಸಣ್ಣ ಗ್ರಂಥಿ ಅದು. ಗಾಬರಿಯಾದ ತಕ್ಷಣ ಅದು ಅಡ್ರಿನಲಿನ್ ಬಿಡುತ್ತದೆ. ಹಿಂದೆಯೇ, ಮಿದುಳಿನ ಹೈಪೋಥಲಮಸ್‌ನಿಂದ ಪಿಟ್ಯುಟರಿಗೆ, ಪಿಟ್ಯುಟರಿಯಿಂದ ಅಡ್ರಿನಲ್‌ಗೆ ಆಜ್ಞೆ ಹೋಗಿ, ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಸಕ್ಕರೆ ರಕ್ತಕ್ಕೆ ಬರುತ್ತದೆ, ಮೈ ಕೆಲಸಕ್ಕೆ ಸಿದ್ಧವಾಗುತ್ತದೆ. ಲೆಕ್ಕ ಮುಗಿಸಿ ಬೆಂಚಿಗೆ ಬಂದು ಕೂತ ಮೇಲೆ ಎಲ್ಲವೂ ನಿಧಾನವಾಗಿ ಇಳಿಯುತ್ತದೆ. ಕಾರ್ಟಿಸಾಲ್ ಹೆಚ್ಚಾಯಿತು ಎಂದು ಮಿದುಳಿಗೆ ತಿಳಿದಾಗ ಮಿದುಳೇ "ಸಾಕು" ಎಂದು ಆಜ್ಞೆ ನಿಲ್ಲಿಸುತ್ತದೆ.

ಇದು ಕಾಯಿಲೆಯಲ್ಲ. ಇದಿಲ್ಲದಿದ್ದರೆ ಹಾವು ಕಂಡಾಗ ನಾವು ಓಡುತ್ತಿರಲಿಲ್ಲ. ಆದರೆ ಎಲ್ಲರಲ್ಲೂ ಇದು ಒಂದೇ ಅಳತೆಯಲ್ಲಿ ಕೆಲಸ ಮಾಡುವುದಿಲ್ಲ. ಒಬ್ಬ ಹುಡುಗ ಬೋರ್ಡಿನ ಮುಂದೆ ಎರಡು ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತಾನೆ. ಇನ್ನೊಬ್ಬನ ಎದೆ ಗಂಟೆ ಹೊಡೆದರೂ ಇಳಿಯುವುದಿಲ್ಲ. ಮೂರನೆಯವನಿಗೆ ಏರಬೇಕಾದಾಗಲೂ ಏರುವುದಿಲ್ಲ, ಮಂಕಾಗಿರುತ್ತಾನೆ. ಈ ವ್ಯತ್ಯಾಸಕ್ಕೆ ವಂಶವಾಹಿಗಳೂ ಮನೆಯ ಪರಿಸರವೂ ಕಾರಣ. ಅವುಗಳ ಜೊತೆಗೆ ಗರ್ಭದೊಳಗಿನ ಒಂಬತ್ತು ತಿಂಗಳೂ ಕಾರಣ ಎನ್ನುವುದು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಬೆಳೆದ ವಿಜ್ಞಾನದ ಮಾತು.

ನಮ್ಮ ಜೋಗಿಮಟ್ಟಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೀವು ದಿನಾ ನೋಡುತ್ತೀರಿ. ದೊಡ್ಡ ಗಾಳಿಯಂತ್ರಗಳಲ್ಲಿ ಗಾಳಿಯ ವೇಗ ಅಳೆಯುವ ಸಾಧನ ಇರುತ್ತದೆ. ವೇಗ ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದರೆ ಯಂತ್ರ ಅಪಾಯ ಎಂದು ತಿಳಿದು ರೆಕ್ಕೆ ತಿರುಗಿಸಿಕೊಂಡು ನಿಲ್ಲುತ್ತದೆ. ಈ ಮಿತಿಯನ್ನು ಯಂತ್ರ ನಿಲ್ಲಿಸುವಾಗಲೇ ಗೊತ್ತುಮಾಡಿರುತ್ತಾರೆ. 25ರ ಬದಲು 10 ಎಂದು ಗೊತ್ತುಮಾಡಿದರೆ ಏನಾಗುತ್ತದೆ? ಯಂತ್ರ ಕೆಟ್ಟಿರುವುದಿಲ್ಲ, ಆದರೆ ಸಣ್ಣ ಗಾಳಿಗೂ ಹೆದರಿ ನಿಲ್ಲುತ್ತದೆ. ಮಗುವಿನ ಗಾಬರಿಯ ವ್ಯವಸ್ಥೆಗೂ ಇಂಥದೊಂದು ಮಿತಿ ಇದೆ. ಅದನ್ನು ಗೊತ್ತುಮಾಡುವ ಕೆಲಸ ಗರ್ಭದಲ್ಲೇ ಶುರುವಾಗುತ್ತದೆ. ಹೊರಗಿನ ಲೋಕ ಹೇಗಿದೆ ಎಂಬ ಸುದ್ದಿ ಮಗುವಿಗೆ ಮುಟ್ಟುವುದು ತಾಯಿಯ ರಕ್ತದ ಮೂಲಕ.

ಆ ಸುದ್ದಿ ಹೇಗೆ ಹೋಗುತ್ತದೆ? ತಾಯಿ ಮತ್ತು ಮಗುವಿನ ನಡುವೆ ಮಾಸು ಇದೆ, ಪಠ್ಯಪುಸ್ತಕದ ಮಾತಿನಲ್ಲಿ ಜರಾಯು. ಅದು ಒಳ್ಳೆಯ ಕಾವಲುಗಾರ. ತಾಯಿಯ ಕಾರ್ಟಿಸಾಲ್ ಮಗುವಿಗೆ ಪೂರ್ತಿಯಾಗಿ ತಲುಪದಂತೆ ನೋಡಿಕೊಳ್ಳುವ ಒಂದು ಕಿಣ್ವ ಅದರಲ್ಲಿದೆ. ಹೆಚ್ಚಿನ ಕಾರ್ಟಿಸಾಲನ್ನು ಅದು ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಸಿಬಿಡುತ್ತದೆ. ಆದರೂ ಸ್ವಲ್ಪ ಭಾಗ ದಾಟುತ್ತದೆ. ತಾಯಿಗೆ ಒತ್ತಡ ಬಹಳ ದಿನ ಮುಂದುವರಿದಾಗ, ಸೋಂಕು ಇದ್ದಾಗ, ಪೌಷ್ಟಿಕಾಂಶ ಕಡಿಮೆಯಾದಾಗ ಈ ಕಾವಲು ಸಡಿಲವಾಗಬಹುದು. ಇನ್ನೊಂದು ಹಾರ್ಮೋನು ಮೆಲಟೊನಿನ್. ಕತ್ತಲಾದ ಮೇಲೆ ನಮ್ಮ ಮಿದುಳಿನಿಂದ ಹೊರಟು ಮೈಗೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನು ಇದು. ಇದನ್ನು ಮಾಸು ತಡೆಯುವುದಿಲ್ಲ, ನೇರವಾಗಿ ಮಗುವಿಗೆ ಹೋಗುತ್ತದೆ. ಹೊಟ್ಟೆಯೊಳಗೆ ಸೂರ್ಯನಿಲ್ಲ. ಮಗುವಿಗೆ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯುವುದು ತಾಯಿಯ ಮೈಯ ಏರಿಳಿತದಿಂದಲೇ. ಹುಟ್ಟಿದ ಮೇಲೂ ಎರಡು ಮೂರು ತಿಂಗಳು ಕಳೆಯುವ ತನಕ ಮಗುವಿಗೆ ಸ್ವಂತ ಹಗಲು ರಾತ್ರಿಯ ಲಯ ಬರುವುದಿಲ್ಲ. ಬಾಣಂತನ ಮಾಡಿದ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನಿದ್ದೆಗೆ ಬರೋಣ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಗಿನ ಹೊತ್ತು ಹೆಚ್ಚಿರುತ್ತದೆ, ಸಂಜೆಗೆ ಇಳಿಯುತ್ತದೆ, ನಡುರಾತ್ರಿಯ ಸುಮಾರಿಗೆ ತಳ ಮುಟ್ಟುತ್ತದೆ. ನಿದ್ದೆಗೆಟ್ಟರೆ ಈ ಲಯ ತಪ್ಪುತ್ತದೆ. 1999ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಒಂದು ಪ್ರಯೋಗ ನಡೆಯಿತು. 11 ಮಂದಿ ಆರೋಗ್ಯವಂತ ಯುವಕರನ್ನು ಸತತ ಆರು ರಾತ್ರಿ ದಿನಕ್ಕೆ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಆಮೇಲೆ ರಕ್ತ ಪರೀಕ್ಷೆ ಮಾಡಿದಾಗ, ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಇಳಿದಿರಲಿಲ್ಲ, ಸಕ್ಕರೆಯನ್ನು ಅರಗಿಸುವ ಮೈಯ ಶಕ್ತಿ ಕುಗ್ಗಿತ್ತು. ಆರೇ ರಾತ್ರಿಯಲ್ಲಿ ಗಟ್ಟಿಮುಟ್ಟಾದ ಹುಡುಗರಿಗೆ ಹೀಗಾಯಿತು. ಏಳು ತಿಂಗಳ ಬಸುರಿ ಎರಡು ಜೀವಕ್ಕೆ ಸಾಕಾಗುವಷ್ಟು ಕೆಲಸವನ್ನು ಒಂದೇ ಮೈಯಿಂದ ಮಾಡುತ್ತಿರುತ್ತಾಳೆ. ಬಸಿರಿನಲ್ಲಿ ನಿದ್ದೆ ಕಡಿಮೆಯಾದವರಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಈ ಸಕ್ಕರೆಯ ಮಾತು ಯಾಕೆ ಮುಖ್ಯ ಎಂದು ತಿಳಿಯಲು ನಾವು ಮೈಸೂರಿಗೆ ಹೋಗಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೊರಿಯಲ್ ಆಸ್ಪತ್ರೆ 1906ರಲ್ಲಿ ಶುರುವಾದದ್ದು. ಮೈಸೂರಿನವರು ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿನ ದಾದಿಯರು 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಇದರಿಂದ ಮುಂದೆ ಏನು ಉಪಯೋಗ ಎಂದು ಬರೆಯುವಾಗ ಅವರಿಗೆ ಗೊತ್ತಿರಲಿಲ್ಲ, ಶಿಸ್ತಿನಿಂದ ಬರೆದರು ಅಷ್ಟೆ. ಸುಮಾರು ಅರವತ್ತು ವರ್ಷದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಹುಟ್ಟಿದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. 1996ರಲ್ಲಿ ಅದು ಲ್ಯಾನ್ಸೆಟ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವಿಜ್ಞಾನಿ, ಮುಂದಿನ ಕಾಯಿಲೆಗಳ ಬೇರು ಗರ್ಭದಲ್ಲೇ ಇದೆ ಎಂದು ಹೇಳುತ್ತಿದ್ದ ಮಾತಿಗೆ ನಮ್ಮ ನಾಡಿನ ಹಳೆಯ ರಿಜಿಸ್ಟರ್‌ಗಳು ಸಾಕ್ಷಿ ಒದಗಿಸಿದವು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಇನ್ನೊಂದು ಅಧ್ಯಯನ ಆರಂಭವಾಯಿತು. ಡಾ. ಜಿ. ವಿ. ಕೃಷ್ಣವೇಣಿ, ಇಂಗ್ಲೆಂಡಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ನಡೆಸಿದ ಇದಕ್ಕೆ ಪಾರ್ಥೆನಾನ್ ಅಧ್ಯಯನ ಎಂದು ಹೆಸರು. ಸುಮಾರು 830 ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಿದರು. ಅವರ ಮಕ್ಕಳನ್ನು ಹುಟ್ಟಿನಿಂದ ವರ್ಷ ವರ್ಷವೂ ಕರೆಸಿ ನೋಡಿದರು. ಮಕ್ಕಳಿಗೆ ಹದಿಮೂರು ಹದಿನಾಲ್ಕು ವರ್ಷವಾದಾಗ, ಅಂದರೆ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಎಂಟನೇ ತರಗತಿಯವರ ವಯಸ್ಸಿನಲ್ಲಿ, ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಒಂದು ವಿಶೇಷ ಪರೀಕ್ಷೆ ಇಟ್ಟರು. ಪರಿಚಯವಿಲ್ಲದ ಇಬ್ಬರು ಪರೀಕ್ಷಕರ ಮುಂದೆ ಐದು ನಿಮಿಷ ಮಾತಾಡಬೇಕು, ಆಮೇಲೆ ಐದು ನಿಮಿಷ ಬಾಯಿಲೆಕ್ಕ ಮಾಡಬೇಕು. ಪರೀಕ್ಷೆಗೆ ಮೊದಲೂ ನಂತರವೂ ಹಲವು ಸಲ ಮಕ್ಕಳ ಎಂಜಲು ತೆಗೆದು ಕಾರ್ಟಿಸಾಲ್ ಅಳೆದರು, ಬಿಪಿ ಮತ್ತು ಹೃದಯದ ಕೆಲಸವನ್ನೂ ಅಳೆದರು. ನಾನು ಆಗಲೇ ಹೇಳಿದ ಬೋರ್ಡಿನ ಮುಂದಿನ ಗಾಬರಿಯನ್ನೇ ಅವರು ಯಂತ್ರ ಇಟ್ಟು ಅಳೆದರು.

ಫಲಿತಾಂಶ 2015ರಲ್ಲಿ ಬಂತು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಪರೀಕ್ಷೆಯ ಹೊತ್ತು ರಕ್ತದೊತ್ತಡ ಮತ್ತು ಹೃದಯ ಹೊರದಬ್ಬುವ ರಕ್ತದ ಪ್ರಮಾಣ ಬೇರೆ ಮಕ್ಕಳಿಗಿಂತ ಹೆಚ್ಚು ಏರಿತ್ತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ತಂದೆಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಬರೀ ರಕ್ತಸಂಬಂಧದಿಂದ ಬಂದದ್ದಾದರೆ ತಂದೆಯ ಕಡೆಯಿಂದಲೂ ಬರಬೇಕಿತ್ತಲ್ಲ? ಹಾಗಾಗಿ ಇದರಲ್ಲಿ ಗರ್ಭದೊಳಗಿನ ವಾತಾವರಣದ ಪಾತ್ರ ಇದೆ ಎಂದು ಸಂಶೋಧಕರು ಬರೆದರು.

ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ಮೈಸೂರಿನ ಈ ಅಧ್ಯಯನ ತಾಯಿಯ ಸಕ್ಕರೆಯನ್ನು ಕುರಿತದ್ದು, ನಿದ್ದೆಯನ್ನು ಕುರಿತದ್ದಲ್ಲ. ನಿದ್ದೆಗೆಟ್ಟರೆ ಸಕ್ಕರೆ ಏರುತ್ತದೆ ಎನ್ನುವುದು ಒಂದು ಕೊಂಡಿ. ಬಸಿರಿನಲ್ಲಿ ಸಕ್ಕರೆ ಏರಿದರೆ ಮಗುವಿನ ಗಾಬರಿಯ ಅಳತೆ ಬದಲಾಗಬಹುದು ಎನ್ನುವುದು ಇನ್ನೊಂದು ಕೊಂಡಿ. ಎರಡನ್ನೂ ಸೇರಿಸಿ ಸರಪಳಿ ಮಾಡುವುದು ನ್ಯಾಯವಾದ ಊಹೆ, ಆದರೆ ಇನ್ನೂ ಪೂರ್ತಿ ಸಾಬೀತಾದ ಮಾತಲ್ಲ. ಇಲಿಗಳಲ್ಲಿ ಮಾತ್ರ ನೇರವಾಗಿಯೇ ನೋಡಿದ್ದಾರೆ. ಬಸುರಿ ಇಲಿಗಳ ನಿದ್ದೆ ಕೆಡಿಸಿದಾಗ ಹುಟ್ಟಿದ ಮರಿಗಳು ಹೆಚ್ಚು ಅಂಜುಬುರುಕವಾಗಿದ್ದವು, ಕಲಿಕೆಯಲ್ಲೂ ಹಿಂದೆ ಬಿದ್ದವು. ಮನುಷ್ಯರನ್ನು ಹಾಗೆ ನಿದ್ದೆಗೆಡಿಸಿ ಪ್ರಯೋಗ ಮಾಡುವುದು ಅಧರ್ಮ, ಯಾರೂ ಮಾಡುವುದಿಲ್ಲ. ಹಾಗಾಗಿ ಮನುಷ್ಯರಲ್ಲಿ ಸಿಗುವುದು ಗಮನಿಸಿ ಕಂಡ ಸಂಬಂಧಗಳು ಮಾತ್ರ. ನಿದ್ದೆಗೆಡುವ ತಾಯಿಗೆ ಬಡತನವೂ ಇರಬಹುದು, ಚಿಂತೆಯೂ ಇರಬಹುದು, ರಕ್ತಹೀನತೆಯೂ ಇರಬಹುದು. ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ.

ಬಿಡಿಸಲು ಸ್ವಲ್ಪ ಸುಲಭವಾಗುವುದು ದೊಡ್ಡ ಆಘಾತಗಳಲ್ಲಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳ ಮೇಲೆ ದಾಳಿಯಾದಾಗ ಅಲ್ಲಿಯೋ ಹತ್ತಿರವೋ ಇದ್ದ 38 ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ರೇಚೆಲ್ ಯೆಹೂದಾ ಎಂಬ ವಿಜ್ಞಾನಿ ಪರೀಕ್ಷಿಸಿದರು. ಆಘಾತದಿಂದ ಹೊರಬರಲಾಗದೆ ನರಳಿದ ತಾಯಂದಿರ ಕಾರ್ಟಿಸಾಲ್ ಮಟ್ಟ ಬೇರೆಯವರಿಗಿಂತ ಕಡಿಮೆ ಇತ್ತು. ಅವರ ಒಂದು ವರ್ಷದ ಮಕ್ಕಳಲ್ಲೂ ಕಡಿಮೆ ಇತ್ತು. ದಾಳಿಯ ಹೊತ್ತಿಗೆ ಕೊನೆಯ ಮೂರು ತಿಂಗಳಲ್ಲಿದ್ದವರ ಮಕ್ಕಳಲ್ಲಿ ಇದು ಹೆಚ್ಚು ಸ್ಪಷ್ಟವಾಗಿತ್ತು. ಅಂದರೆ ಅಳತೆ ತಪ್ಪುವುದು ಯಾವಾಗಲೂ ಮೇಲಕ್ಕೇ ಅಲ್ಲ, ಕೆಳಕ್ಕೂ ತಪ್ಪಬಹುದು.

ಇಷ್ಟು ಕೇಳಿದ ಮೇಲೆ ಇಲ್ಲಿ ಕೂತಿರುವ ಯಾವ ತಾಯಿಯೂ "ಅಯ್ಯೋ, ನಾನು ಆಗ ಸರಿಯಾಗಿ ಮಲಗಲಿಲ್ಲವಲ್ಲ, ಅದಕ್ಕೇ ನನ್ನ ಮಗ ಹೀಗೆ" ಎಂದು ಕೊರಗಬಾರದು. ವಿಜ್ಞಾನ ಹಾಗೆ ಹೇಳುವುದೇ ಇಲ್ಲ. ಒಂದು, ಇದೆಲ್ಲ ಸಂಭವದ ಮಾತು, ಹಣೆಬರಹದ ಮಾತಲ್ಲ. ಎರಡು, ಗರ್ಭದಲ್ಲಿ ಗೊತ್ತಾದ ಅಳತೆ ಹುಟ್ಟಿದ ಮೇಲೂ ತಿದ್ದಿಕೊಳ್ಳುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಎಂಬವರ ತಂಡ ಇಲಿಗಳ ಮೇಲೆ ನಡೆಸಿದ ಕೆಲಸ ಬಹಳ ಹೆಸರಾದದ್ದು. ಕೆಲವು ತಾಯಿ ಇಲಿಗಳು ಮರಿಗಳನ್ನು ಚೆನ್ನಾಗಿ ನೆಕ್ಕಿ ಸವರುತ್ತವೆ, ಕೆಲವು ಅಷ್ಟು ಮಾಡುವುದಿಲ್ಲ. ಚೆನ್ನಾಗಿ ನೆಕ್ಕಿಸಿಕೊಂಡ ಮರಿಗಳು ಬೆಳೆದಾಗ ಗಾಬರಿ ಬೇಗ ಇಳಿಯುತ್ತದೆ. ನೆಕ್ಕದ ತಾಯಿಗೆ ಹುಟ್ಟಿದ ಮರಿಯನ್ನು ನೆಕ್ಕುವ ತಾಯಿಯ ಹತ್ತಿರ ಬಿಟ್ಟರೆ ಅದೂ ಹಾಗೆಯೇ ಶಾಂತವಾಗಿ ಬೆಳೆಯುತ್ತದೆ. 2004ರಲ್ಲಿ ಅವರು ಈ ಬದಲಾವಣೆ ಮಿದುಳಿನ ಜೀವಕೋಶದ ಡಿಎನ್‌ಎ ಮೇಲಿನ ಗುರುತುಗಳಲ್ಲೇ ಕಾಣುತ್ತದೆ ಎಂದು ತೋರಿಸಿದರು. ನಮ್ಮಲ್ಲಿ ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಬೆಚ್ಚಗೆ ಸುತ್ತಿ ಮಲಗಿಸುತ್ತಾರಲ್ಲ, ಅದರಲ್ಲಿ ಹೊಗೆಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಈ ಮುಟ್ಟುವ ಪ್ರೀತಿ ಇದೆ. ಹೊಗೆ ಎಳೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬಸುರಿಯ ನಿದ್ದೆ ಅವಳೊಬ್ಬಳ ಕೈಯಲ್ಲಿ ಇಲ್ಲ. ಅದು ಮನೆಯವರ ಕೈಯಲ್ಲಿದೆ.

ನಮ್ಮ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಮೊದಲು ಏಳುವವಳು ಸೊಸೆ, ಕೊನೆಗೆ ಮಲಗುವವಳು ಸೊಸೆ. ಕಸ ಮುಸುರೆ, ನೀರು, ದನದ ಕೆಲಸ, ಮುದ್ದೆ ರೊಟ್ಟಿ, ಶಾಲೆಗೆ ಹೋಗುವ ಮಕ್ಕಳು. ನಲ್ಲಿ ನೀರು ಬಿಡುವುದು ನಸುಕಿನಲ್ಲಿ ಎಂದರೆ ನಸುಕಿನಲ್ಲೇ ಬಿಂದಿಗೆ ಸಾಲಿಡಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಗಂಡಸು ಬ್ಯಾಟರಿ ಹಿಡಿದು ತೋಟಕ್ಕೆ ಹೊರಡುತ್ತಾನೆ, ಅವನು ಮರಳಿ ಬಂದು ಕದ ತಟ್ಟುವ ತನಕ ಅವಳಿಗೆ ಕಣ್ಣು ಹತ್ತುವುದಿಲ್ಲ. ಈರುಳ್ಳಿ ಕಿತ್ತ ದಿನಗಳಲ್ಲಿ, ಶೇಂಗಾ ಬಿಡಿಸುವ ದಿನಗಳಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ ಹಗಲು ರಾತ್ರಿ ಒಂದೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು ಕೊಡುವುದು 88 ನಿಮಿಷ. ನಡುವಿನ ವ್ಯತ್ಯಾಸ 201 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಬಸುರಿಯ ನಿದ್ದೆ ಎಲ್ಲಿ ಕಳೆದುಹೋಗಿದೆ ಎಂದು ಹುಡುಕುವವರು ಮೊದಲು ಇಲ್ಲಿ ಹುಡುಕಬೇಕು.

ಪಟ್ಟಣಕ್ಕೆ ಹೋದ ನಮ್ಮ ಊರಿನ ಹೆಣ್ಣುಮಕ್ಕಳ ಕಥೆಯೂ ಬೇರೆಯಲ್ಲ. ನಮ್ಮ ಕ್ಷೇತ್ರದಲ್ಲಿ ಅಮೆರಿಕದ ಹಗಲೆಂದರೆ ನಮ್ಮ ರಾತ್ರಿ. ರಾತ್ರಿ ಹನ್ನೊಂದಕ್ಕೆ ಮೀಟಿಂಗ್, ಬೆಳಿಗ್ಗೆ ಏಳಕ್ಕೆ ಮತ್ತೆ ಅಡುಗೆಮನೆ. ಕಾನೂನು 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕೊಡುತ್ತದೆ, ಒಳ್ಳೆಯದು. ಆದರೆ ಬಹುತೇಕರು ಅದನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳುತ್ತಾರೆ. ಬಸಿರಿನ ತಿಂಗಳುಗಳಲ್ಲಿ ರಾತ್ರಿಯ ಕೆಲಸ ಬೇಡ ಎಂದು ಕೇಳುವ ಧೈರ್ಯ ಹೆಣ್ಣುಮಕ್ಕಳಿಗೆ ಬರಬೇಕು. ಅವಳ ಪರವಾಗಿ ಮಾತಾಡುವ ಧೈರ್ಯ ಪಕ್ಕದ ಕುರ್ಚಿಯ ಗಂಡುಮಕ್ಕಳಿಗೂ ಬರಬೇಕು.

ಹಿರಿಯರು ಒಂದು ಮಾತು ಹೇಳುತ್ತಾರೆ: "ನಾವೆಲ್ಲ ಹೊಲದಲ್ಲಿ ಕಳೆ ಕೀಳ್ತಾ ಕೀಳ್ತಾ ಹೆತ್ತೋರು. ಈಗಿನವರಿಗೆ ಎಲ್ಲ ನಾಜೂಕು." ಈ ಮಾತಿನಲ್ಲಿ ಅರ್ಧ ನಿಜ ಇದೆ. ಬಸುರಿ ಮೈ ಆಡಿಸಬೇಕು, ನಡೆಯಬೇಕು, ಹಗುರವಾದ ಕೆಲಸ ಮಾಡಬೇಕು ಎಂದು ಇವತ್ತಿನ ವೈದ್ಯರೂ ಹೇಳುತ್ತಾರೆ. ಆದರೆ ಕೆಲಸ ಮಾಡುವುದು ಬೇರೆ, ನಿದ್ದೆಗೆಡುವುದು ಬೇರೆ. ಹಗಲು ದುಡಿದ ಮೈ ರಾತ್ರಿ ಮಲಗಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 131 ಚೊಚ್ಚಲ ಬಸುರಿಯರನ್ನು ಗಮನಿಸಿ 2004ರಲ್ಲಿ ಒಂದು ವರದಿ ಬಂತು. ಕೊನೆಯ ತಿಂಗಳಲ್ಲಿ ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ಹೆರಿಗೆ ನೋವಿನ ಅವಧಿ ಉದ್ದವಾಗಿತ್ತು, ಸಿಸೇರಿಯನ್ ಆಗುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಸಲೀಸಾದ ಹೆರಿಗೆ ಬೇಕು ಎನ್ನುವ ಅತ್ತೆಯರು ಸೊಸೆಯ ನಿದ್ದೆಯನ್ನೂ ಕಾಯಬೇಕು. ಇನ್ನು ಏಳನೇ ತಿಂಗಳಿಗೆ, ಒಂಬತ್ತನೇ ತಿಂಗಳಿಗೆ ತವರಿಗೆ ಕರೆದೊಯ್ಯುವ ಪದ್ಧತಿ ಇದೆಯಲ್ಲ, ಅದನ್ನು ಮಾಡಿದ ಹಿರಿಯರು ಸಾಮಾನ್ಯರಲ್ಲ. ಮಗಳು ತವರಿನಲ್ಲಿ ಹೊತ್ತೇರುವ ತನಕ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಆ ಸ್ವಾತಂತ್ರ್ಯ ಗಂಡನ ಮನೆಯಲ್ಲೂ ಸಿಕ್ಕರೆ ಸಾಕು.

ಸರ್ಕಾರವೂ ಇದನ್ನು ಹೇಳಿದೆ. ಅಂಗನವಾಡಿ, ಆಸ್ಪತ್ರೆಗಳಲ್ಲಿ ಕೊಡುವ ತಾಯಿ ಮಗುವಿನ ರಕ್ಷಣಾ ಕಾರ್ಡಿನಲ್ಲಿ ಗರ್ಭಿಣಿ ರಾತ್ರಿ 8 ಗಂಟೆ, ಹಗಲು 2 ಗಂಟೆ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂಬ ಸಲಹೆ ಇದೆ. ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತೇವೆ. ಆ ಪುಟವನ್ನು ಮನೆಯವರೆಲ್ಲ ಸೇರಿ ಒಮ್ಮೆ ಓದಬೇಕು.

ಕೆಲವು ತೊಂದರೆಗಳಿಗೆ ಮನೆಯವರ ಸಹಾಯದ ಜೊತೆಗೆ ವೈದ್ಯರೂ ಬೇಕು. ಅವುಗಳನ್ನು ಚುಟುಕಾಗಿ ಹೇಳುತ್ತೇನೆ.

ರಾತ್ರಿ ಮಲಗಿದಾಗ ಕಾಲು ಜುಮುಗುಟ್ಟಿ, ಆಡಿಸದೆ ಇರಲಾಗುವುದಿಲ್ಲ ಎಂದು ಬಸುರಿ ಹೇಳಿದರೆ ಅದನ್ನು ನಗೆಮಾಡಬೇಡಿ. ಕಬ್ಬಿಣಾಂಶದ ಕೊರತೆಯಲ್ಲಿ ಹಾಗಾಗುವುದುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ನುಂಗಬೇಕು, ಅದರ ಹಿಂದೆಯೇ ಟೀ ಕುಡಿಯಬಾರದು, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮೊದಲು ಇಲ್ಲದ ಗೊರಕೆ ಬಸಿರಿನಲ್ಲಿ ಶುರುವಾಗಿ ಜೋರಾದರೆ ಬಿಪಿ ನೋಡಿಸಿ. 28 ವಾರ ಕಳೆದ ಮೇಲೆ ಅಂಗಾತ ಮಲಗಬಾರದು, ಒಂದು ಮಗ್ಗುಲಾಗಿ ಮಲಗಬೇಕು. ಅಂಗಾತ ಮಲಗಿದಾಗ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ನಿದ್ದೆಯಲ್ಲಿ ಹೊರಳಿ ಎಚ್ಚರವಾದರೆ ಗಾಬರಿ ಬೇಡ, ಮತ್ತೆ ಮಗ್ಗುಲಾದರೆ ಸಾಕು. ಸಂಜೆ ಮೇಲೆ ಕಾಫಿ ಟೀ ಕಡಿಮೆ ಮಾಡಿ. ಮಲಗುವ ಕೋಣೆಯಿಂದ ಮೊಬೈಲ್ ಹೊರಗಿಡಿ. ಸೊಳ್ಳೆ ಪರದೆ ಕಟ್ಟಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತಂದುಕೊಡುವ ಕೆಲಸವನ್ನು ಮಾತ್ರ ಯಾರೂ ಮಾಡಬೇಡಿ.

ಇನ್ನೊಂದು ಸೂಕ್ಷ್ಮ ವಿಷಯ. ಮಲಗಲು ಸಮಯವಿದ್ದೂ, ಮಂಚವಿದ್ದೂ, ಎರಡು ವಾರದಿಂದ ನಿದ್ದೆ ಬರುತ್ತಿಲ್ಲ, ಸುಮ್ಮನೆ ಅಳು ಬರುತ್ತದೆ, ಯಾವುದೂ ಬೇಡ ಅನ್ನಿಸುತ್ತದೆ ಎಂದರೆ ಅದು ಮನಸ್ಸಿನ ಕಾಯಿಲೆಯ ಗುರುತಾಗಿರಬಹುದು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ತಿಂಗಳುಗಟ್ಟಲೆ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಈಗ ಊರಿನವರ ಮುಂದೆ ಎರಡು ಮೂರು ಕೋರಿಕೆ ಇಡುತ್ತೇನೆ. ಯಾವುದಕ್ಕೂ ಹಣ ಬೇಕಿಲ್ಲ.

ಮೊದಲನೆಯದು ಗಂಡಂದಿರಿಗೆ. ಮನೆಯಲ್ಲಿ ಬಸುರಿ ಇದ್ದಷ್ಟು ತಿಂಗಳು ನಸುಕಿನ ಕೆಲಸ ನಿಮ್ಮದಾಗಲಿ. ನೀರು ಹಿಡಿಯುವುದು, ಹಾಲು ಕರೆಯುವುದು, ಒಲೆ ಹಚ್ಚಿ ಕಾಫಿ ಕಾಯಿಸುವುದು. ಅವಳು ಒಂದೂವರೆ ಗಂಟೆ ತಡವಾಗಿ ಎದ್ದರೆ ತಿಂಗಳಿಗೆ ನಲವತ್ತೈದು ಗಂಟೆ ನಿದ್ದೆಯಾಯಿತು. ಸೀಮಂತಕ್ಕೆ ಸೀರೆ ತರುತ್ತೀರಿ, ಅದರ ಜೊತೆ ಇದನ್ನೂ ಕೊಡಿ.

ಎರಡನೆಯದು ಊರಿನ ಹಿರಿಯರಿಗೆ ಮತ್ತು ಯುವಕ ಸಂಘದವರಿಗೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಾಕಬಾರದು ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ದೇವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಹಬ್ಬದ ಮೈಕ್‌ಸೆಟ್ ಹತ್ತಕ್ಕೆ ನಿಲ್ಲಿಸಿದರೆ ಬಸುರಿ ಬಾಣಂತಿಯರಷ್ಟೇ ಅಲ್ಲ, ಪರೀಕ್ಷೆಗೆ ಓದುವ ಮಕ್ಕಳೂ ಹರಸುತ್ತಾರೆ.

ಮೂರನೆಯದು ನನ್ನ ಗುರುಗಳಿಗೆ. ಹತ್ತನೇ ತರಗತಿಯ ಹಾರ್ಮೋನಿನ ಪಾಠ ಮತ್ತು ಸಂತಾನೋತ್ಪತ್ತಿಯ ಪಾಠ ಮಾಡುವಾಗ ಒಂದು ಹತ್ತು ನಿಮಿಷ ಇದನ್ನೂ ಹೇಳಿ, ಗಂಡುಮಕ್ಕಳನ್ನು ಹೊರಗೆ ಕಳಿಸದೆ ಹೇಳಿ. ಹತ್ತು ಹನ್ನೆರಡು ವರ್ಷದಲ್ಲಿ ಈ ಮಕ್ಕಳೇ ಗಂಡಂದಿರು, ತಾಯಂದಿರು. ಹೆಣ್ಣುಮಕ್ಕಳಿಗೆ ನಾನು ಬೇರೆಯಾಗಿ ಹೇಳುವುದು ಇಷ್ಟೆ: ಓದು ಬಿಡಬೇಡಿ, ಅವಸರದ ಮದುವೆಗೆ ಒಪ್ಪಬೇಡಿ. ಇನ್ನೂ ಬೆಳೆಯುತ್ತಿರುವ ಮೈಗೆ ತನ್ನ ನಿದ್ದೆಯೇ ಸಾಲದು, ಅದರ ಮೇಲೆ ಇನ್ನೊಂದು ಜೀವದ ಭಾರ ಬೀಳಬಾರದು.

ಈ ಶಾಲೆ ಐವತ್ತು ವರ್ಷದಲ್ಲಿ ಎಷ್ಟೋ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿದೆ. ಕೆಲವರು ಧೈರ್ಯವಾಗಿ ಲೆಕ್ಕ ಬಿಡಿಸಿದರು, ಕೆಲವರು ನಡುಗಿದರು. ನಡುಗಿದವರನ್ನು ದಡ್ಡರು ಎಂದು ಕರೆಯುವ ಮೊದಲು, ಆ ಮಗು ಯಾವ ಮನೆಯಿಂದ ಬಂದಿದೆ, ಅದನ್ನು ಹೊತ್ತ ತಾಯಿ ಎಷ್ಟು ಹೊತ್ತು ಮಲಗಿದ್ದಳು ಎಂದು ಯೋಚಿಸುವಷ್ಟು ತಿಳಿವಳಿಕೆ ನಮಗೆ ಈಗ ಬಂದಿದೆ. ಮುಂದಿನ ಐವತ್ತು ವರ್ಷದಲ್ಲಿ ಇಲ್ಲಿಗೆ ಬರುವ ಮಕ್ಕಳು ಇನ್ನೂ ಹುಟ್ಟಿಲ್ಲ. ಅವರಲ್ಲಿ ಕೆಲವರು ಈ ಹೊತ್ತು ನಮ್ಮದೇ ಊರಿನ ಯಾವುದೋ ಮನೆಯಲ್ಲಿ, ತಾಯಿಯ ಹೊಟ್ಟೆಯಲ್ಲಿದ್ದಾರೆ. ಇವತ್ತು ರಾತ್ರಿ ಆ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ, ನಾಳೆ ನಸುಕಿನಲ್ಲಿ ನೀರು ಯಾರು ಹಿಡಿಯುತ್ತಾರೆ ಎನ್ನುವುದೂ ಆ ಮಗುವಿನ ಶಿಕ್ಷಣದ ಒಂದು ಭಾಗವೇ.